ಮೇಣದ ಉಂಡೆಯಲ್ಲಿ ಬಂದ ದೇವಿ

ಬೆಳಗಾವಿಯಲ್ಲಿ ‘ವ್ಯಾಕ್ಸಿನ್ ಡಿಪೋ’ ಅಂದರೆ ಎಲ್ಲರಿಗೂ ಗೊತ್ತು. ಟಿಳಕವಾಡಿಯ ದೊಡ್ಡ ಮರಗಳಿರುವ ಜಾಗ, ಬೆಳಿಗ್ಗೆ ವಾಕಿಂಗ್ ಹೋಗುವವರ ಜಾಗ. ನಮ್ಮ ಶಿವಬಸವ ನಗರದಿಂದ ಅದು ಊರಿನ ಇನ್ನೊಂದು ತುದಿ. ಆದರೆ ಆ ಹೆಸರು ಯಾಕೆ ಬಂತು ಅಂತ ಕೇಳಿ ನೋಡಿ, ನಮ್ಮ ವಯಸ್ಸಿನವರಲ್ಲಿ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಸಿಡುಬಿನ ಲಸಿಕೆ ತಯಾರಿಸುತ್ತಿದ್ದ ಜಾಗ ಅದು. ಹಾಗಾದರೆ ಆ ಲಸಿಕೆ ನಮ್ಮ ದೇಶಕ್ಕೆ ಮೊದಲು ಬಂದದ್ದು ಎಲ್ಲಿಂದ? ಇಂಗ್ಲೆಂಡಿನಿಂದ ಅಂದುಕೊಂಡಿದ್ದರೆ ಉತ್ತರ ಅರ್ಧ ಮಾತ್ರ ಸರಿ. ಆ ದಾರಿಯನ್ನು ಹಿಂದಕ್ಕೆ ಹಿಡಿದು ಹೋದರೆ ಮುಂಬೈ, ಬಾಸ್ರಾ, ಬಾಗ್ದಾದ್, ಇಸ್ತಾಂಬುಲ್ ದಾಟಿ ನಾವು ಮುಟ್ಟುವುದು ಆಸ್ಟ್ರಿಯಾದ ರಾಜಧಾನಿ ವಿಯೆನ್ನಾವನ್ನು. ಅಲ್ಲಿದ್ದ ಒಬ್ಬ ವೈದ್ಯನನ್ನು. ಆತನ ಹೆಸರು ಜ್ಯಾಂ ದ ಕಾರೊ.

ಕಥೆಗೆ ಹೋಗುವ ಮುಂಚೆ ಕೆಲವು ಶಬ್ದಗಳ ಬಗ್ಗೆ ಹೇಳಿಬಿಡುತ್ತೇನೆ. ನಮ್ಮ ಕಡೆ ಸಿಡುಬಿಗೆ ‘ದೇವಿ’ ಅಂತಲೇ ಹೆಸರು. ರೋಗ ಬಂದರೂ ದೇವಿ, ಅದು ಬರದ ಹಾಗೆ ತೋಳಿಗೆ ಚುಚ್ಚಿಸಿಕೊಂಡರೂ ‘ದೇವಿ ಹಾಕಿಸಿಕೊಳ್ಳೋದು’. ಹಳೇ ಮೈಸೂರಿನ ಕಡೆ ಇದಕ್ಕೇ ‘ದಾಕು ಹಾಕುವುದು’ ಅನ್ನುತ್ತಿದ್ದರು. ಈಗ ಪತ್ರಿಕೆಗಳಲ್ಲಿ ಬರೆಯುವ ‘ಲಸಿಕೆ’ ಎಂಬ ಶಬ್ದ ಸಂಸ್ಕೃತದ್ದು, ಅದರ ಮೂಲ ಅರ್ಥ ಮೈಯಲ್ಲಿನ ಒಂದು ಬಗೆಯ ತಿಳಿ ನೀರು, ಕೀವಿನ ರಸ. ವ್ಯಾಕ್ಸಿನ್ ಅನ್ನುವ ಶಬ್ದ ಲ್ಯಾಟಿನ್ನಿನ ‘ವಾಕ್ಕಾ’, ಅಂದರೆ ಹಸು ಎಂಬುದರಿಂದ ಬಂದದ್ದು. ದೇವಿ, ಕೀವು, ಹಸು. ಈ ಮೂರೂ ಮುಂದೆ ಬರುತ್ತವೆ.

ಮೊದಲು ವಿಯೆನ್ನಾದ ಅರಮನೆ. ಹದಿನೆಂಟನೆಯ ಶತಮಾನದಲ್ಲಿ ಸಿಡುಬು ಬಡವರು, ಅರಸರು ಅಂತ ನೋಡುತ್ತಿರಲಿಲ್ಲ. ಬಂದವರಲ್ಲಿ ನೂರಕ್ಕೆ ಸುಮಾರು ಮೂವತ್ತು ಜನ ಸಾಯುತ್ತಿದ್ದರು. ಉಳಿದವರ ಮುಖದ ಮೇಲೆ ಗುಳಿ, ಕೆಲವರ ಕಣ್ಣೇ ಹೋಗುತ್ತಿತ್ತು. ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾಳ ಮನೆಯಲ್ಲಿ ಇದು ಸಾಲುಸಾಲಾಗಿ ಸಾವು ತಂದಿತು. 1763ರಲ್ಲಿ ಮಗ ಜೋಸೆಫನ ಮೊದಲ ಹೆಂಡತಿ ತೀರಿಕೊಂಡಳು. 1767ರ ಮೇ ತಿಂಗಳಲ್ಲಿ ಆತನ ಎರಡನೇ ಹೆಂಡತಿ ಹೋದಳು. ಅದೇ ವರ್ಷ ರಾಣಿಗೇ ಸಿಡುಬು ಬಂದು ಸಾಯುವ ಹಂತಕ್ಕೆ ಹೋಗಿ ಬದುಕಿದಳು. ಅಕ್ಟೋಬರಿನಲ್ಲಿ ನೇಪಲ್ಸಿನ ರಾಜನ ಜೊತೆ ಮದುವೆ ಗೊತ್ತಾಗಿದ್ದ ಮಗಳು ಮರಿಯಾ ಜೋಸೆಫಾ ಹೊರಡುವ ಹೊತ್ತಿಗೇ ತೀರಿಕೊಂಡಳು.

ಹಾಗಂತ ಆಸ್ಥಾನದಲ್ಲಿ ವೈದ್ಯರಿಗೇನು ಕಡಿಮೆ ಇರಲಿಲ್ಲ. ಯುರೋಪಿನಲ್ಲೇ ಹೆಸರು ಮಾಡಿದ ಗೆರಾರ್ಡ್ ವಾನ್ ಸ್ವೀಟನ್ ರಾಣಿಯ ಖಾಸಗಿ ವೈದ್ಯ, ವಿಯೆನ್ನಾದ ವೈದ್ಯಕೀಯ ಶಿಕ್ಷಣವನ್ನು ಹೊಸದಾಗಿ ಕಟ್ಟಿದವನು. ಆಂಟನ್ ಡಿ ಹೇನ್ ಅಲ್ಲಿನ ದೊಡ್ಡ ಪ್ರೊಫೆಸರ್. ಸಿಡುಬಿಗೆ ಆಗ ಗೊತ್ತಿದ್ದ ಒಂದೇ ರಕ್ಷಣೆ ಅಂದರೆ ಸಿಡುಬಿನ ಕೀವನ್ನೇ ಸ್ವಲ್ಪ ತೆಗೆದು ಆರೋಗ್ಯವಂತರ ತೋಳಿಗೆ ಹಾಕುವುದು. ಸಣ್ಣದಾಗಿ ಸಿಡುಬು ಬಂದು ಹೋಗುತ್ತದೆ, ಮತ್ತೆ ಜನ್ಮದಲ್ಲಿ ಬರುವುದಿಲ್ಲ. ಆದರೆ ನೂರರಲ್ಲಿ ಒಬ್ಬಿಬ್ಬರು ಇದರಿಂದಲೇ ಸಾಯುತ್ತಿದ್ದರು, ಹಾಕಿಸಿಕೊಂಡವರಿಂದ ಬೇರೆಯವರಿಗೆ ನಿಜವಾದ ಸಿಡುಬೇ ಹರಡುತ್ತಿತ್ತು. ಭಾರತ, ಚೀನಾ, ತುರ್ಕಿಗಳಲ್ಲಿ ಇದು ಮೊದಲಿಂದ ಇದ್ದ ಪದ್ಧತಿ. ವಿಯೆನ್ನಾದ ಪ್ರೊಫೆಸರ್ ಡಿ ಹೇನ್ ಇದಕ್ಕೆ ಕಡು ವಿರೋಧಿ. ಹಾಗಾಗಿ ರಾಣಿ ಹೊರಗಿನಿಂದ ವೈದ್ಯನನ್ನು ಕರೆಸಬೇಕಾಯಿತು. 1768ರಲ್ಲಿ ಬಂದವನು ಡಚ್ಚರ ಯಾನ್ ಇಂಗೆನ್‌ಹೌಸ್. ಹೈಸ್ಕೂಲಿನಲ್ಲಿ ದ್ಯುತಿಸಂಶ್ಲೇಷಣೆಯ ಪಾಠದಲ್ಲಿ ಓದಿರುತ್ತೀರಿ, ಗಿಡಗಳು ಬೆಳಕಿನಲ್ಲಿ ಮಾತ್ರ ಆಮ್ಲಜನಕ ಬಿಡುತ್ತವೆ ಅಂತ ತೋರಿಸಿದವನು... ಅವನೇ!

ಇಂಗೆನ್‌ಹೌಸ್ ನೇರವಾಗಿ ರಾಜಕುಮಾರರ ತೋಳಿಗೆ ಸೂಜಿ ಹಾಕಲಿಲ್ಲ. ಮೊದಲು ಊರಿನ ಬಡ ಮಕ್ಕಳ ಮೇಲೆ ಹಾಕಿ ನೋಡಿದ. ಅವರು ಬದುಕಿದ ಮೇಲೆ ಅರಮನೆಯ ಮಕ್ಕಳಿಗೆ ಹಾಕಿದ. ಎಲ್ಲ ಚೆನ್ನಾಗಿ ನಡೆದು ಆತನಿಗೆ ಆಸ್ಥಾನ ವೈದ್ಯನ ಪದವಿ, ವರ್ಷಕ್ಕೆ 5000 ಗುಲ್ಡನ್ ಸಿಕ್ಕಿತು. ಮೊದಲು ಹಾಕಿಸಿಕೊಂಡ 65 ಮಕ್ಕಳಿಗೆ ರಾಣಿ ಷೋನ್‌ಬ್ರುನ್ ಅರಮನೆಯಲ್ಲಿ ಊಟ ಹಾಕಿಸಿ, ತಾನೇ ನಿಂತು ಬಡಿಸಿದಳಂತೆ. ಒಳ್ಳೆಯ ಮನಸ್ಸಿನ ಕೆಲಸವೇ. ಆದರೆ ಚರಿತ್ರೆಯಲ್ಲಿ ರಾಣಿಯ ಹೆಸರಿದೆ, ವೈದ್ಯನ ಹೆಸರಿದೆ, ಸಂಬಳ ಎಷ್ಟು ಅಂತಲೂ ಇದೆ. ಆ 65 ಮಕ್ಕಳು ಇರುವುದು ಬರೀ ಒಂದು ಸಂಖ್ಯೆಯಾಗಿ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಈಗ ದ ಕಾರೊ. ಹುಟ್ಟಿದ್ದು 1770ರಲ್ಲಿ ಜಿನೀವಾದಲ್ಲಿ. 1793ರಲ್ಲಿ ಎಡಿನ್‌ಬರೋದಿಂದ ಎಂ.ಡಿ. ಪಡೆದು, ಆಮೇಲೆ ವಿಯೆನ್ನಾಕ್ಕೆ ಬಂದು ನೆಲೆಸಿದ. ಆತ ಆಸ್ಥಾನ ವೈದ್ಯನಲ್ಲ, ಪ್ರೊಫೆಸರನೂ ಅಲ್ಲ. ಖಾಸಗಿ ಪ್ರಾಕ್ಟೀಸು. ಆದರೆ ಆತನ ಹತ್ತಿರ ಎರಡು ಬಂಡವಾಳ ಇತ್ತು. ಒಂದು, ಇಂಗ್ಲಿಷ್ ಮತ್ತು ಫ್ರೆಂಚ್ ಎರಡೂ ಚೆನ್ನಾಗಿ ಬರುತ್ತಿದ್ದವು. ಎರಡು, ಪತ್ರ ಬರೆಯುವ ಹುಚ್ಚು. 1798ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ತನ್ನ ಪುಸ್ತಕ ಪ್ರಕಟಿಸಿದ. ಹಸುವಿನ ಕೆಚ್ಚಲಿಗೆ ಬರುವ ಸಣ್ಣ ಸಿಡುಬಿನ ಕೀವನ್ನು ಮನುಷ್ಯನಿಗೆ ಹಾಕಿದರೆ ನಿಜವಾದ ಸಿಡುಬು ಬರುವುದಿಲ್ಲ, ಬೇರೆಯವರಿಗೆ ಹರಡುವುದೂ ಇಲ್ಲ ಅನ್ನುವುದು ಅದರ ಸಾರ. ಅದೇ ಇಂಗೆನ್‌ಹೌಸ್, ಹಳೆಯ ಪದ್ಧತಿಯಿಂದ ದೊಡ್ಡ ಹೆಸರು ಮಾಡಿದವನು, ಜೆನ್ನರನಿಗೆ ಪತ್ರ ಬರೆದು ಆಕ್ಷೇಪಿಸಿದ. ಹೊಸದನ್ನು ಮೊದಲು ಅನುಮಾನಿಸುವವರು ಹಿಂದಿನ ಹೊಸದನ್ನು ತಂದವರೇ ಆಗಿರುತ್ತಾರೆ! ನಮ್ಮ ಸಾಫ್ಟ್‌ವೇರ್ ಕಂಪನಿಗಳಲ್ಲೂ ಇದನ್ನು ನೋಡುತ್ತೇವೆ, ಇರಲಿ.

1799ರ ವಸಂತದಲ್ಲಿ ಲಂಡನ್ನಿನಿಂದ ಕೀವಿನಲ್ಲಿ ನೆನೆಸಿ ಒಣಗಿಸಿದ ನೂಲು ವಿಯೆನ್ನಾಕ್ಕೆ ಬಂತು. ನಗರದ ವೈದ್ಯಾಧಿಕಾರಿ ಫೆರ್ರೊ ತನ್ನ ಮಕ್ಕಳಿಗೂ, ದ ಕಾರೊ ತನ್ನ ಇಬ್ಬರು ಗಂಡುಮಕ್ಕಳಿಗೂ ಹಾಕಿಸಿದರು. ಬ್ರಿಟನ್ನಿನ ಆಚೆ, ಯುರೋಪಿನ ನೆಲದಲ್ಲಿ ಯಶಸ್ವಿಯಾದ ಮೊದಮೊದಲ ಲಸಿಕೆಗಳು ಇವು. ಆಮೇಲೆ ದ ಕಾರೊನ ಮನೆ ಒಂದು ತರಹ ಅಂಚೆ ಕಚೇರಿಯೇ ಆಗಿಹೋಯಿತು. ಕೇಳಿದವರಿಗೆಲ್ಲ ಕೀವು ಕಳಿಸುವುದು, ಹೇಗೆ ಹಾಕಬೇಕು ಅಂತ ಬರೆಯುವುದು, ಫಲ ಏನಾಯಿತು ಅಂತ ತಿಳಿದುಕೊಳ್ಳುವುದು. 1800ರಲ್ಲಿ ಇಸ್ತಾಂಬುಲ್‌ನಲ್ಲಿದ್ದ ಬ್ರಿಟಿಷ್ ರಾಯಭಾರಿ ಲಾರ್ಡ್ ಎಲ್ಗಿನ್‌ನ ಮಗುವಿಗೂ ವಿಯೆನ್ನಾದಿಂದ ಹೋದ ಲಸಿಕೆಯನ್ನೇ ಹಾಕಿದ್ದು. ಗ್ರೀಸಿನ ಪಾರ್ಥೆನಾನ್ ಶಿಲ್ಪಗಳನ್ನು ಕಿತ್ತು ಇಂಗ್ಲೆಂಡಿಗೆ ಸಾಗಿಸಿದನಲ್ಲ, ಅದೇ ಎಲ್ಗಿನ್.

ಇಷ್ಟೊತ್ತಿಗೆ ಭಾರತದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯವರಿಗೆ ಲಸಿಕೆ ಬೇಕೇ ಬೇಕಾಗಿತ್ತು. ಆದರೆ ಇಂಗ್ಲೆಂಡಿನಿಂದ ಆಫ್ರಿಕಾ ಸುತ್ತಿ ಬರುವ ಹಡಗಿಗೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಒಣಗಿದ ನೂಲಿನಲ್ಲಿದ್ದ ಕೀವು ಸಮಭಾಜಕದ ಬಿಸಿಲಿಗೆ ಸತ್ತು ಹೋಗುತ್ತಿತ್ತು. ಕಳಿಸಿದ್ದೆಲ್ಲ ವ್ಯರ್ಥ. ಹಾಗಾಗಿ ಭೂಮಾರ್ಗ ಹಿಡಿಯಬೇಕಾಯಿತು. ಬಾಗ್ದಾದಿನಲ್ಲಿದ್ದ ಕಂಪನಿಯ ರೆಸಿಡೆಂಟ್ ಹಾರ್ಫರ್ಡ್ ಜೋನ್ಸ್‌ಗೆ ದ ಕಾರೊ ಲಸಿಕೆ ಕಳಿಸಿದ.

ಕಳಿಸಿದ ಉಪಾಯ ಕೇಳಿ. ಹತ್ತಿಯಂಥ ಬಟ್ಟೆಯ ಎಳೆಗಳನ್ನು ತಾಜಾ ಕೀವಿನಲ್ಲಿ ನೆನೆಸಿದ. ಅದನ್ನು ಎರಡು ಗಾಜಿನ ಬಿಲ್ಲೆಗಳ ನಡುವೆ ಇಟ್ಟು ಅಂಚು ಮುಚ್ಚಿದ. ಆಮೇಲೆ ಮೇಣದ ಬತ್ತಿ ಮಾಡುವವನ ಹತ್ತಿರ ಹೋಗಿ ಕರಗಿದ ಮೇಣದಲ್ಲಿ ಮತ್ತೆ ಮತ್ತೆ ಅದ್ದಿಸಿದ. ಗಾಳಿ, ಬೆಳಕು, ಬಿಸಿ ಒಳಗೆ ಹೋಗದ ಗಟ್ಟಿ ಮೇಣದ ಉಂಡೆ ಆಯಿತು. ಅದನ್ನು ಪೆಟ್ಟಿಗೆಯಲ್ಲಿ ಕಾಗದದ ಚೂರುಗಳ ನಡುವೆ ಇಟ್ಟು ಕಳಿಸಿದ. ಮರುಭೂಮಿ ದಾಟಿ ಟೈಗ್ರಿಸ್ ದಂಡೆಗೆ ಬಂದು ಒಡೆದಾಗಲೂ ಒಳಗಿನ ರಸ ಒಣಗಿರಲಿಲ್ಲ. ಇನ್ನೊಂದು ವಿಷಯ. ಬಾಗ್ದಾದಿನಲ್ಲಿ ಹತ್ತಿದ ಆ ಕೀವು ಇಂಗ್ಲೆಂಡಿನ ಹಸುವಿನದ್ದಲ್ಲ, ಇಟಲಿಯ ಲೊಂಬಾರ್ಡಿಯ ಹಸುಗಳಿಂದ ಮಿಲಾನಿನ ವೈದ್ಯ ಲುಯಿಜಿ ಸಾಕ್ಕೊ ತೆಗೆದದ್ದು. ಅಂದರೆ ನಮ್ಮ ದೇಶಕ್ಕೆ ಬಂದ ಮೊದಲ ಲಸಿಕೆಯ ಐಡಿಯಾ ಇಂಗ್ಲಿಷ್, ಹಸು ಇಟಾಲಿಯನ್, ಪ್ಯಾಕಿಂಗ್ ಆಸ್ಟ್ರಿಯನ್!

1802ರಲ್ಲಿ ಬಾಗ್ದಾದಿನಿಂದ ಬಾಸ್ರಾ, ಬಾಸ್ರಾದಿಂದ ಹಡಗಿನಲ್ಲಿ ಮುಂಬೈ. ಅಲ್ಲಿ ಹಲವು ಮಕ್ಕಳಿಗೆ ಹಾಕಿದರು. ಒಬ್ಬಳಿಗೆ ಮಾತ್ರ ಹತ್ತಿತು. ಜೂನ್ 14ರಂದು ಲಸಿಕೆ ಹಾಕಿಸಿಕೊಂಡ ಮೂರು ವರ್ಷದ ಹುಡುಗಿ, ಹೆಸರು ಆನಾ ಡಸ್ಟ್‌ಹಾಲ್, ಮನೆಗೆಲಸದವರ ಮಗಳು. ಅವಳ ತೋಳಿನ ಮೇಲೆ ಎದ್ದ ಗುಳ್ಳೆಯಿಂದ ಇನ್ನೈದು ಮಕ್ಕಳಿಗೆ, ಅವರಿಂದ ಮತ್ತಷ್ಟು ಮಕ್ಕಳಿಗೆ. ಮುಂಬೈಯ ಹಿರಿಯ ವೈದ್ಯ ಹೆಲೆನಸ್ ಸ್ಕಾಟ್ ಅವಳ ಬಗ್ಗೆ ಬರೆದಿಟ್ಟಿದ್ದು ಬಹಳ ಕಡಿಮೆ. ತುಂಬ ಒಳ್ಳೆಯ ಸ್ವಭಾವದ ಮಗು ಅಂತ ಹೊಗಳಿದ್ದಾನೆ. ಚುಚ್ಚುವಾಗ ಅಳದೆ ಕೂತಿರಬೇಕು, ಪಾಪ. ಆಮೇಲೆ ಆ ಹುಡುಗಿಯ ಸುದ್ದಿ ಇಲ್ಲ. ಆ ವರ್ಷ ಮುಂಬೈಯಿಂದ ಪುಣೆ, ಹೈದರಾಬಾದು, ಮದ್ರಾಸು, ಕಲ್ಕತ್ತಾ, ಸಿಲೋನ್‌ವರೆಗೆ ಹೋದ ಲಸಿಕೆಯೆಲ್ಲ ಈ ಒಂದು ಪುಟ್ಟ ತೋಳಿನಿಂದ ಹೊರಟದ್ದು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಇವತ್ತು ಲಸಿಕೆ ಅಂದರೆ ಫ್ರಿಜ್ಜಿನಲ್ಲಿಟ್ಟ ಸಣ್ಣ ಬಾಟಲಿ. ಆಗ ಬಾಟಲಿ ಇರಲಿಲ್ಲ. ಲಸಿಕೆಯನ್ನು ಜೀವಂತ ಇಟ್ಟುಕೊಳ್ಳುವ ಏಕೈಕ ಪಾತ್ರೆ ಅಂದರೆ ಮಗುವಿನ ಮೈ. ಹಾಕಿದ ಎಂಟನೇ ದಿನದ ಹೊತ್ತಿಗೆ ಗುಳ್ಳೆ ತುಂಬಿಕೊಳ್ಳುತ್ತದೆ. ಆಗ ಅದನ್ನು ಚುಚ್ಚಿ ರಸ ತೆಗೆದು ಮುಂದಿನ ಮಗುವಿಗೆ ಹಾಕಬೇಕು. ತಡ ಮಾಡಿದರೆ ಕೀವು ಕೆಡುತ್ತದೆ, ಸರಪಳಿ ಕಡಿದು ಹೋಗುತ್ತದೆ, ಮತ್ತೆ ಬಾಗ್ದಾದಿಗೆ ಬರೆಯಬೇಕು. ಒಮ್ಮೆ ಹಾಕಿಸಿಕೊಂಡ ಮಗು ಇನ್ನೊಮ್ಮೆ ಕೆಲಸಕ್ಕೆ ಬರುವುದಿಲ್ಲ, ಪ್ರತಿ ವಾರ ಹೊಸ ಮಕ್ಕಳು ಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬ್ಯಾಕಪ್ ಇಲ್ಲದ ಸರ್ವರ್, ವಾರಕ್ಕೊಮ್ಮೆ ಹೊಸ ಮಷೀನಿಗೆ ಕಾಪಿ ಮಾಡಲೇಬೇಕು, ಒಂದು ವಾರ ತಪ್ಪಿದರೆ ಡೇಟಾ ಪೂರ್ತಿ ಹೋಯಿತು. ವ್ಯತ್ಯಾಸ ಏನೆಂದರೆ ಇಲ್ಲಿ ಮಷೀನು ಅಂದರೆ ಎರಡು ಮೂರು ವರ್ಷದ ಕೂಸು.

1803ರಲ್ಲಿ ಸ್ಪೇನಿನ ರಾಜ ಅಮೆರಿಕಾದ ತನ್ನ ವಸಾಹತುಗಳಿಗೆ ಲಸಿಕೆ ಕಳಿಸಿದ್ದೂ ಹೀಗೆಯೇ. ಬಾಲ್ಮಿಸ್ ಎಂಬ ವೈದ್ಯನ ಹಡಗಿನಲ್ಲಿ 22 ಅನಾಥ ಗಂಡುಮಕ್ಕಳನ್ನು ಹತ್ತಿಸಿ, ದಾರಿಯುದ್ದಕ್ಕೂ ಇಬ್ಬಿಬ್ಬರಿಗೆ ಹಾಕುತ್ತ ಅಟ್ಲಾಂಟಿಕ್ ದಾಟಿಸಿದರು. ಅನಾಥ ಮಕ್ಕಳೇ ಯಾಕೆ ಅಂತ ಬೇರೆ ಹೇಳಬೇಕಿಲ್ಲ. ಕೇಳುವವರು ಇರಲಿಲ್ಲ, ಅಷ್ಟೇ.

ಇನ್ನು ನಮ್ಮ ಮೈಸೂರು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ದ ಕಾರೊ ವಿಯೆನ್ನಾದಲ್ಲಿ ತನ್ನ ಮಕ್ಕಳಿಗೆ ಲಸಿಕೆ ಹಾಕಿಸಿದ್ದೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ. ಕಂಪನಿಯವರು ಒಡೆಯರ ಮನೆತನದ ಐದು ವರ್ಷದ ಹುಡುಗನನ್ನು ಪಟ್ಟಕ್ಕೆ ಕೂರಿಸಿದರು. ಅವರೇ ಮುಮ್ಮಡಿ ಕೃಷ್ಣರಾಜ ಒಡೆಯರು. ಆಡಳಿತ ದಿವಾನ್ ಪೂರ್ಣಯ್ಯನವರದ್ದು. ಅರಮನೆಯ ಒಳಗಿನ ಯಜಮಾನಿಕೆ ಅಜ್ಜಿ ಮಹಾರಾಣಿ ಲಕ್ಷ್ಮಮ್ಮಣ್ಣಿಯವರದ್ದು. ಹೈದರ್, ಟಿಪ್ಪು ಇಬ್ಬರ ಕಾಲವನ್ನೂ ಕಾದು ಕುಳಿತು, ಕಂಪನಿಯ ಜೊತೆ ಗುಟ್ಟಾಗಿ ಮಾತುಕತೆ ನಡೆಸಿ ಮನೆತನಕ್ಕೆ ಮತ್ತೆ ಪಟ್ಟ ತಂದ ಹೆಂಗಸು ಆಕೆ. ಇಷ್ಟೆಲ್ಲ ಕಷ್ಟಪಟ್ಟು ಗಳಿಸಿದ್ದು ಒಬ್ಬ ಹುಡುಗನ ಮೇಲೆ, ಅವನಿಗೆ ಹುಟ್ಟಬೇಕಾದ ಮಕ್ಕಳ ಮೇಲೆ ನಿಂತಿತ್ತು. ಸಿಡುಬು ಒಮ್ಮೆ ಅರಮನೆಗೆ ನುಗ್ಗಿದರೆ ಏನಾಗುತ್ತದೆ ಅಂತ ವಿಯೆನ್ನಾದ ಮರಿಯಾ ತೆರೇಸಾಗೆ ಗೊತ್ತಾಗಿದ್ದ ಹಾಗೆ ಮೈಸೂರಿನ ಲಕ್ಷ್ಮಮ್ಮಣ್ಣಿಯವರಿಗೂ ಗೊತ್ತಿತ್ತು.

1805ರಲ್ಲಿ ಐರಿಷ್ ಕಲಾವಿದ ಥಾಮಸ್ ಹಿಕಿ ಮೈಸೂರಿನಲ್ಲಿದ್ದ. ಆತ ಬರೆದ ಒಂದು ದೊಡ್ಡ ಚಿತ್ರದಲ್ಲಿ ಮೂವರು ಹೆಂಗಸರಿದ್ದಾರೆ. ಬಹಳ ಕಾಲ ಇವರು ನಾಟ್ಯದವರು ಇರಬಹುದು ಅಂತ ತಿಳಿದಿದ್ದರು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಬೇರೆ ಓದು ಕೊಟ್ಟರು. ನಡುವೆ ಇರುವವರು ಲಕ್ಷ್ಮಮ್ಮಣ್ಣಿ, ಪಕ್ಕದ ಇಬ್ಬರು ಹುಡುಗ ರಾಜನ ರಾಣಿಯರು, ಇಬ್ಬರ ಹೆಸರೂ ದೇವಾಜಮ್ಮಣ್ಣಿ ಅನ್ನುವುದು ಅವರ ವಾದ. ಕಿರಿಯ ರಾಣಿ ಎಡತೋಳಿನ ಮೇಲಿನ ಸೀರೆ ಸರಿಸಿ ಬೆರಳಿನಿಂದ ಒಂದು ಜಾಗ ತೋರಿಸುತ್ತಿದ್ದಾಳೆ. ಲಸಿಕೆ ಹಾಕಿಸಿಕೊಂಡ ಜಾಗ! ಹಿರಿಯ ರಾಣಿಯ ಮೂಗು ಬಾಯಿಯ ಸುತ್ತ ಬಣ್ಣ ಬೇರೆಯಾಗಿದೆ. ಸಿಡುಬಿನ ಹಕ್ಕಳೆಯನ್ನು ಪುಡಿ ಮಾಡಿ ಮೂಗಿಗೆ ಊದುವ ಹಳೆಯ ಪದ್ಧತಿಯ ಗುರುತು ಅದು ಅಂತ ಚಾನ್ಸೆಲರ್ ಹೇಳುತ್ತಾರೆ. ಒಬ್ಬಳು ಹಳೆಯ ರಕ್ಷಣೆ, ಇನ್ನೊಬ್ಬಳು ಹೊಸ ರಕ್ಷಣೆ. ಚಿತ್ರದ ಮೇಲೆ ಯಾರೂ ಇದನ್ನು ಬರೆದಿಟ್ಟಿಲ್ಲ, ಹಾಗಾಗಿ ಇದನ್ನು ಒಂದು ಓದು ಅಂತಲೇ ತೆಗೆದುಕೊಳ್ಳಬೇಕು. ಆದರೆ ಕಿರಿಯ ರಾಣಿಗೆ ಲಸಿಕೆ ಹಾಕಿದ್ದು, ಅದನ್ನು ನೋಡಿ ಜನ ಮುಂದೆ ಬಂದದ್ದು 1806ರ ಕಂಪನಿ ದಾಖಲೆಗಳಲ್ಲಿದೆ. 2007ರಲ್ಲಿ ಈ ಚಿತ್ರ ಲಂಡನ್ನಿನ ಸಾದಬೀಸ್‌ನಲ್ಲಿ ಹರಾಜಿಗೆ ಬಂದಿತ್ತು.

ಹನ್ನೆರಡರ ಆಸುಪಾಸಿನ ಹುಡುಗಿ, ಗೋಷಾದ ಮನೆತನದವಳು, ಪರದೇಶದ ಚಿತ್ರಕಾರನ ಮುಂದೆ ತೋಳು ತೋರಿಸಿ ನಿಂತಿದ್ದಾಳೆ ಅಂದರೆ ಅದು ಹಿರಿಯರ ಒಪ್ಪಿಗೆ ಇಲ್ಲದೆ ಆಗುವ ಮಾತಲ್ಲ. ಲಕ್ಷ್ಮಮ್ಮಣ್ಣಿ ಮತ್ತು ಪೂರ್ಣಯ್ಯನವರಿಗೆ ಇದರ ಬೆಲೆ ಗೊತ್ತಿತ್ತು. ಕಂಪನಿಗೂ ಗೊತ್ತಿತ್ತು, ಅರಮನೆ ಹಾಕಿಸಿಕೊಂಡರೆ ಊರು ಹಾಕಿಸಿಕೊಳ್ಳುತ್ತದೆ ಅನ್ನುವ ಲೆಕ್ಕ.

ಆದರೆ ಊರು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಜನರನ್ನು ದಡ್ಡರು ಅಂತ ಬೈಯುವ ಮುಂಚೆ ಅವರ ಕಡೆಯಿಂದ ಯೋಚಿಸಿ. ಸಿಡುಬು ಅಂದರೆ ಮನೆಗೆ ಬಂದ ಅಮ್ಮ. ಆಕೆಗೆ ಬೇವಿನ ಸೊಪ್ಪು, ತಣ್ಣನೆ ಅನ್ನ, ಮಡಿ. ಅದರ ನಡುವೆ ಸರ್ಕಾರದ ಮನುಷ್ಯ ಬಂದು, ಯಾರೋ ಪರಕೀಯ ಮಗುವಿನ ತೋಳಿನ ಕೀವನ್ನು ನಿಮ್ಮ ಮಗುವಿಗೆ ಹಾಕುತ್ತೇನೆ ಅನ್ನುತ್ತಾನೆ. ಎಂಟು ದಿನ ಬಿಟ್ಟು ಮತ್ತೆ ಬಂದು, ನಿಮ್ಮ ಮಗುವಿನ ತೋಳಿನ ಹಸಿ ಗುಳ್ಳೆ ಚುಚ್ಚಿ ರಸ ತೆಗೆಯುತ್ತೇನೆ ಅನ್ನುತ್ತಾನೆ. ಯಾವ ತಾಯಿ ಒಪ್ಪುತ್ತಾಳೆ? ಜಾತಿಯ ಪ್ರಶ್ನೆ ಇನ್ನೂ ದೊಡ್ಡದು. ಮೇಲ್ಜಾತಿಯವರು ಕೆಳಜಾತಿಯ ಮಗುವಿನ ಕೀವು ಬೇಡ ಎನ್ನುತ್ತಿದ್ದರು. ಆದರೆ ಸರಪಳಿ ಉಳಿಸಲು ಸಿಗುತ್ತಿದ್ದ ಮಕ್ಕಳು ಹೆಚ್ಚಾಗಿ ಬಡವರವೇ. ಈ ವಿಧಾನದಲ್ಲಿ ಒಂದು ಮೈಯ ಬೇರೆ ರೋಗ ಇನ್ನೊಂದು ಮೈಗೆ ದಾಟುವ ಅಪಾಯವೂ ನಿಜವಾಗಿ ಇತ್ತು, ಯುರೋಪಿನಲ್ಲೇ ಸಿಫಿಲಿಸ್ ಹೀಗೆ ಹರಡಿದ ಉದಾಹರಣೆಗಳಿವೆ. ಇಂಗ್ಲೆಂಡಿನಲ್ಲಿ ತೋಳಿನಿಂದ ತೋಳಿಗೆ ಹಾಕುವುದನ್ನು ಕಾನೂನಿನಿಂದ ನಿಲ್ಲಿಸಿದ್ದು 1898ರಲ್ಲಿ. ಅಂದರೆ ಹೆದರಿದ ತಾಯಂದಿರ ಅನುಮಾನದಲ್ಲಿ ಒಂದಂಶ ಸತ್ಯ ಇತ್ತು.

ಜನರನ್ನು ಒಪ್ಪಿಸಲು ಮಾಡಿದ ಒಂದು ತಮಾಷೆಯ ಪ್ರಯತ್ನ ಹೇಳಲೇಬೇಕು. ಜೆನ್ನರಿಗಿಂತ ಸಾವಿರಾರು ವರ್ಷ ಮುಂಚೆಯೇ ಧನ್ವಂತರಿಯ ಗ್ರಂಥದಲ್ಲಿ ಹಸುವಿನ ಕೆಚ್ಚಲ ಕೀವಿನ ಲಸಿಕೆ ಇತ್ತು ಎಂಬ ಫಾರ್ವರ್ಡ್ ಮೆಸೇಜು ನಿಮಗೂ ಬಂದಿರಬಹುದು. ಇದರ ಬೇರು ಸಿಗುವುದು ಮದ್ರಾಸಿನಲ್ಲಿ. 1819ರ ಜನವರಿಯಲ್ಲಿ ಮದ್ರಾಸ್ ಕೊರಿಯರ್ ಪತ್ರಿಕೆಯಲ್ಲಿ ಇಂಥದೊಂದು ಪತ್ರ ಬಂತು. ದ್ರಾವಿಡ ಭಾಷೆಗಳೆಲ್ಲ ಒಂದೇ ಕುಟುಂಬ ಅಂತ ಮೊದಲು ವಾದ ಮಂಡಿಸಿದ ವಿದ್ವಾಂಸ, ಕಂಪನಿಯ ಅಧಿಕಾರಿ ಎಲ್ಲಿಸ್, ಜನ ಲಸಿಕೆಯನ್ನು ನಂಬಲಿ ಅಂತ ಸಂಸ್ಕೃತದಲ್ಲಿ ಶ್ಲೋಕ ಹೊಸೆದಿದ್ದ. ವೈದ್ಯಶಾಸ್ತ್ರದ ಇತಿಹಾಸ ಬರೆದ ಡೊಮಿನಿಕ್ ವುಯಾಸ್ಟಿಕ್ ಇದನ್ನು ಪುಣ್ಯದ ಉದ್ದೇಶದ ಮೋಸ ಅಂತ ಕರೆದಿದ್ದಾರೆ. ನಮ್ಮಲ್ಲಿ ಸಿಡುಬಿನ ಕೀವು ಹಾಕುವ ಹಳೆಯ ಪದ್ಧತಿ ನಿಜವಾಗಿ ಇತ್ತು, ಅದು ಹೆಮ್ಮೆಪಡುವ ವಿಷಯವೇ. ಹಸುವಿನ ಶ್ಲೋಕ ಮಾತ್ರ ಕಂಪನಿ ಕಾಲದ ಜಾಹೀರಾತು.

ತೋಳಿನ ಸರಪಳಿಯಿಂದ ಮಕ್ಕಳಿಗೆ ಬಿಡುಗಡೆ ಸಿಕ್ಕಿದ್ದು ಕರುಗಳಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಕರುವಿನ ಮೈಯ ಕೂದಲು ತೆಗೆದು, ಅಲ್ಲಿ ಗೀರಿ ಲಸಿಕೆ ಹಚ್ಚಿ, ಎದ್ದ ಗುಳ್ಳೆಗಳ ರಸ ಕೆರೆದು, ಗ್ಲಿಸರಿನ್ ಬೆರೆಸಿ ಸಣ್ಣ ಗಾಜಿನ ಕೊಳವೆಗಳಲ್ಲಿ ತುಂಬುವ ವಿಧಾನ ಬಂತು. ಗ್ಲಿಸರಿನ್ ಬೇರೆ ಕ್ರಿಮಿಗಳನ್ನು ಕೊಲ್ಲುತ್ತಿತ್ತು, ಲಸಿಕೆಯನ್ನು ಉಳಿಸುತ್ತಿತ್ತು. ಈಗ ಲಸಿಕೆ ಮೈಯಿಂದ ಹೊರಗೆ ಬಂದು ‘ಸ್ಟಾಕ್’ ಆಯಿತು. ಸ್ಟಾಕ್ ಆದ ಮೇಲೆ ಡಿಪೋ ಬೇಕಲ್ಲ! ಆಗ ಬೆಳಗಾವಿ ಮುಂಬೈ ಪ್ರಾಂತದಲ್ಲಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿ ಲಸಿಕೆ ತಯಾರಿಸುವ ಸಂಸ್ಥೆ ಶುರುವಾಯಿತು. ನಮ್ಮ ವ್ಯಾಕ್ಸಿನ್ ಡಿಪೋ ಅದೇ. 1956ರಲ್ಲಿ ರಾಜ್ಯಗಳು ಬದಲಾದಾಗ ಊರಿನ ಜೊತೆ ಡಿಪೋ ಕೂಡ ಮೈಸೂರು ರಾಜ್ಯಕ್ಕೆ ಬಂತು.

ಬೆಂಗಳೂರಿನಲ್ಲೂ ಲಸಿಕೆಯ ಕೆಲಸ ನಡೆಯುತ್ತಿತ್ತು. ಅಲ್ಲಿ ದುಡಿದ ಒಬ್ಬರ ಹೆಸರು ಹೇಳದೆ ಮುಂದೆ ಹೋಗಲಾರೆ. ಡಾ. ಪದ್ಮನಾಭನ್ ಪಲ್ಪು. ತಿರುವನಂತಪುರದವರು, ಈಳವ ಜಾತಿಯವರು. ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಬಂದರೂ ಜಾತಿಯ ಕಾರಣಕ್ಕೆ ತಿರುವಾಂಕೂರಿನಲ್ಲಿ ವೈದ್ಯಕೀಯ ಓದಲು ಸೀಟು ಸಿಗಲಿಲ್ಲ. ಮದ್ರಾಸಿಗೆ ಹೋಗಿ ಓದಿ ವೈದ್ಯರಾಗಿ ಬಂದರೂ ಊರಿನ ಸರ್ಕಾರ ಕೆಲಸ ಕೊಡಲಿಲ್ಲ. ಕೊಟ್ಟದ್ದು ಮೈಸೂರು ಸರ್ಕಾರ. ಲಸಿಕೆಯ ಕೆಲಸ ಮಾಡಿದರು, 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಸಾವಿನ ನಡುವೆ ನಿಂತು ದುಡಿದರು. ಯಾವ ಜಾತಿಯ ಕೈ ಮುಟ್ಟಬಾರದು ಅಂತ ಊರಿನವರು ಹೇಳಿದರೋ ಅದೇ ಕೈ ಇನ್ನೊಂದು ಊರಿನ ಜನರನ್ನು ಉಳಿಸಿತು.

ಹಾಗಾದರೆ ದ ಕಾರೊ ಕೊನೆಗೆ ಏನಾದ? 1804ರಲ್ಲಿ ವಿಯೆನ್ನಾದಲ್ಲಿ ತುರ್ಕಿ, ಗ್ರೀಸ್ ಮತ್ತು ಪೂರ್ವ ಭಾರತಗಳಲ್ಲಿ ಲಸಿಕೆಯ ಇತಿಹಾಸ ಎಂಬ ಪುಸ್ತಕ ಫ್ರೆಂಚಿನಲ್ಲಿ ಪ್ರಕಟಿಸಿದ. 1826ರಲ್ಲಿ ವಿಯೆನ್ನಾ ಬಿಟ್ಟು ಬೊಹೆಮಿಯಾದ ಕಾರ್ಲ್ಸ್‌ಬಾಡ್‌ಗೆ ಹೋದ. ಬಿಸಿನೀರಿನ ಬುಗ್ಗೆಗಳಿರುವ, ಶ್ರೀಮಂತರು ಹೊಟ್ಟೆ ಸರಿಮಾಡಿಕೊಳ್ಳಲು ಬರುವ ಊರು ಅದು, ಈಗ ಚೆಕ್ ದೇಶದಲ್ಲಿದೆ. ಅಲ್ಲೇ ಪ್ರಾಕ್ಟೀಸು ಮಾಡುತ್ತ, ಊರಿನ ಬಗ್ಗೆ ವರ್ಷ ವರ್ಷ ಪಂಚಾಂಗದಂಥ ಪುಸ್ತಕ ತರುತ್ತ, 1857ರಲ್ಲಿ ತೀರಿಕೊಂಡ. ಭಾರತವನ್ನು ಒಮ್ಮೆಯೂ ನೋಡಲಿಲ್ಲ. ಆಸ್ಥಾನದ ದೊಡ್ಡ ಪದವಿಗಳನ್ನು ಹಿಡಿದ ಎಷ್ಟೋ ಪ್ರೊಫೆಸರುಗಳ ಪ್ರತಿಮೆಗಳು ವಿಯೆನ್ನಾ ವಿಶ್ವವಿದ್ಯಾಲಯದ ಅಂಗಳದಲ್ಲಿವೆ. ಆದರೆ ಅವರಲ್ಲಿ ಹೆಚ್ಚಿನವರ ಕೆಲಸ ನಮ್ಮ ಹಳ್ಳಿಗಳವರೆಗೆ ಬರಲಿಲ್ಲ. ಪದವಿ ಇಲ್ಲದ ಈ ಮನುಷ್ಯನ ಮೇಣದ ಉಂಡೆ ಬಂತು.

ಕೊನೆಯ ಅಂಕ ನಮ್ಮ ಅಪ್ಪ ಅಮ್ಮಂದಿರ ಕಾಲದ್ದು. 1975ರ ಮೇ ತಿಂಗಳಲ್ಲಿ ಭಾರತದ ಕೊನೆಯ ಸಿಡುಬು ರೋಗಿ ಅಸ್ಸಾಮಿನ ಕರೀಂಗಂಜ್‌ನಲ್ಲಿ ಪತ್ತೆಯಾದಳು, ಸೈಬಾನ್ ಬೀಬಿ ಎಂಬ ಬಡ ಹೆಂಗಸು. 1977ರಲ್ಲಿ ಸೊಮಾಲಿಯಾದಲ್ಲಿ ಸಹಜವಾಗಿ ಬಂದ ಕೊನೆಯ ಸಿಡುಬು ಕಂಡಿತು. 1980ರ ಮೇ 8ರಂದು ವಿಶ್ವ ಆರೋಗ್ಯ ಸಭೆ ಸಿಡುಬು ಭೂಮಿಯಿಂದಲೇ ಹೋಯಿತು ಅಂತ ಘೋಷಿಸಿತು. ಮನುಷ್ಯರಿಗೆ ಬರುವ ರೋಗಗಳಲ್ಲಿ ನಾವು ಪೂರ್ತಿ ನಿರ್ಮೂಲ ಮಾಡಿದ್ದು ಇದೊಂದನ್ನೇ. ಅಂದ ಹಾಗೆ, ಈ ಲಸಿಕೆಯಲ್ಲಿದ್ದ ವೈರಸ್ಸು ಹಸುವಿನದ್ದೇ ಹೌದೋ ಎಂಬುದರಲ್ಲೂ ಈಗ ಅನುಮಾನ. 1902ರ ಒಂದು ಹಳೆಯ ಲಸಿಕೆಯ ಜೀನುಗಳನ್ನು ಓದಿದಾಗ ಅದು ಕುದುರೆಯ ಸಿಡುಬಿಗೆ ಬಹಳ ಹತ್ತಿರ ಅಂತ 2017ರಲ್ಲಿ ಗೊತ್ತಾಯಿತು. ಸಾಕ್ಕೊ ಮತ್ತು ದ ಕಾರೊ ಕುದುರೆಯಿಂದ ಬಂದ ಕೀವನ್ನೂ ಬಳಸಿದ್ದರು ಅನ್ನುವುದನ್ನು ನೆನೆದರೆ ಇದೇನು ಅಷ್ಟು ಆಶ್ಚರ್ಯ ಅಲ್ಲ.

ಇದನ್ನೆಲ್ಲ ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ವೈದ್ಯಕೀಯದ ಇತಿಹಾಸವನ್ನು ನಾವು ವೈದ್ಯರ ಪಟ್ಟಿಯಾಗಿ ಓದುತ್ತೇವೆ. ಜೆನ್ನರ್ ಕಂಡುಹಿಡಿದ, ದ ಕಾರೊ ಕಳಿಸಿದ, ಸ್ಕಾಟ್ ಹಾಕಿಸಿದ, ರಾಣಿ ಹಾಕಿಸಿಕೊಂಡಳು. ಇವರೆಲ್ಲರ ಕೆಲಸ ದೊಡ್ಡದೇ. ಆದರೆ ಮುಂಬೈಯಿಂದ ಮೈಸೂರಿಗೆ ಲಸಿಕೆಯನ್ನು ಹೊತ್ತು ತಂದವರು ಇವರ್ಯಾರೂ ಅಲ್ಲ. ವಾರಕ್ಕೊಂದು ಮಗು, ಒಂದು ಊರಿನಿಂದ ಇನ್ನೊಂದು ಊರಿಗೆ, ತನ್ನ ತೋಳಿನಲ್ಲಿ ಹೊತ್ತು ತಂದಿತು. ಆನಾ ಡಸ್ಟ್‌ಹಾಲ್‌ಗೂ ದೇವಾಜಮ್ಮಣ್ಣಿಗೂ ನಡುವೆ ನೂರಾರು ತೋಳುಗಳಿವೆ. ಮೊದಲನೆಯದರ ಹೆಸರು ಗೊತ್ತು, ಕೊನೆಯದರ ಚಿತ್ರ ಇದೆ. ನಡುವಿನವರಿಗೆ ಹೆಸರೂ ಇಲ್ಲ, ಚಿತ್ರವೂ ಇಲ್ಲ. ಅವರಲ್ಲಿ ಒಬ್ಬ ತಾಯಿ ಎಂಟನೇ ದಿನ ಮಗುವನ್ನು ಕರೆದುಕೊಂಡು ಬರದೇ ಇದ್ದಿದ್ದರೂ ಆ ಎಳೆ ಅಲ್ಲಿಗೇ ಕಡಿದು ಹೋಗುತ್ತಿತ್ತು.

ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರ ತೋಳು ನೋಡಿ. ದುಂಡಗಿನ, ಸ್ವಲ್ಪ ಒಳಗೆ ಹೋದ ಕಲೆ ಇರುತ್ತದೆ. ದೇವಿ ಹಾಕಿದ್ದು ಯಾರು, ಯಾವಾಗ, ಎಷ್ಟು ಅತ್ತಿರಿ ಅಂತ ಕೇಳಿ. ಎಂಬತ್ತರ ದಶಕದ ನಂತರ ಹುಟ್ಟಿದ ನಮ್ಮ ಯಾರ ತೋಳಿನಲ್ಲೂ ಆ ದೇವಿಯ ಕಲೆ ಇಲ್ಲ. ಅವರ ತೋಳಿನಲ್ಲಿ ಇರುವುದರಿಂದಲೇ ನಮ್ಮಲ್ಲಿ ಇಲ್ಲ.